ಹದಿನಾರು ಎಳೆಗಳ ಪಟ್ಟಿ

ನನ್ನ ಮೊಮ್ಮಗಳು ಹುಟ್ಟಿ ಇಪ್ಪತ್ತೆರಡು ದಿನವಾಗಿದ್ದರೂ ಅವಳನ್ನು ಹೆತ್ತ ನನ್ನ ದೊಡ್ಡ ಮಗಳು ರೇವತಿ ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಏಳನೇ ತಿಂಗಳಿಗೇ ಅವಸರ ಮಾಡಿ ಬಂದ ಕೂಸು. ತೂಕ ಒಂದು ಕಿಲೋ ನೂರು ಗ್ರಾಂ. ನರಗುಂದದ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಎದೆಗೆ ಮೂರು ವೈರು, ಹೊಟ್ಟೆಗೊಂದು, ಪಾದಕ್ಕೊಂದು. ಅಷ್ಟು ಬೇಗ ಹುಟ್ಟಿದ ಕೂಸುಗಳು ನಡುನಡುವೆ ಉಸಿರಾಡುವುದನ್ನೇ ಮರೆತುಬಿಡುತ್ತವಂತೆ. ಆಗ ಬೆನ್ನು ತಿಕ್ಕಿ ನೆನಪಿಸಬೇಕು. ವೈರು ತೆಗೆದರೆ ಉಸಿರು ನಿಂತದ್ದು ಗೊತ್ತಾಗುವುದಿಲ್ಲ. ವೈರು ಹಾಗೇ ಇಟ್ಟರೆ ಕೂಸು ತಾಯಿಯ ಎದೆಗೆ ಬರುವುದಿಲ್ಲ. ರೇವತಿ ಪೆಟ್ಟಿಗೆಯ ದುಂಡನೆಯ ಕಿಂಡಿಯಲ್ಲಿ ಕೈ ತೂರಿಸಿ ಒಂದು ಬೆರಳು ಕೊಡುತ್ತಿದ್ದಳು. ಕೂಸು ಅದನ್ನು ಹಿಡಿದುಕೊಳ್ಳುತ್ತಿತ್ತು. ಇಬ್ಬರಿಗೂ ಸಿಕ್ಕಿದ್ದು ಅಷ್ಟೇ.

ಆ ಹೊತ್ತಿಗೆ ನನ್ನ ಸಣ್ಣ ಮಗಳು ಮಂದಾಕಿನಿ ಒಂದು ವಸ್ತು ತಂದಳು.

ಮಂದಾ ನಮ್ಮೂರ ಗುಡ್ಡದ ಬುಡದಲ್ಲಿರುವ ಗಣಿತ ವಿಶ್ವವಿದ್ಯಾಲಯದಲ್ಲಿ ಅಮೂರ್ತ ಬೀಜಗಣಿತ ಓದುತ್ತಿದ್ದಳು, ಎಂ.ಎಸ್ಸಿ. ಕೊನೆಯ ವರ್ಷ. ಗುಡ್ಡದ ಮೇಲಿನ ಗಾಳಿಗಿರಣಿಗಳು ಊರಿಗೆಲ್ಲ ಕರೆಂಟು ಕೊಡುತ್ತವೆ. ಬುಡದಲ್ಲಿ ಕೂತ ಹುಡುಗ ಹುಡುಗಿಯರು ಏನು ಕೊಡುತ್ತಾರೆ ಎಂದು ನಮ್ಮ ಬೀಗರು ಒಮ್ಮೆ ಕೇಳಿದ್ದರು. ನಾನು ಇನ್ನೊಂದು ಕಪ್ ಚಹಾ ಕೊಟ್ಟಿದ್ದೆ. ಮಂದಾಳನ್ನು ಕೇಳಿದರೆ ಅವಳು ನಕ್ಕಿದ್ದಳು.

"ಯವ್ವ, ಅದರಾಗ ಅಂಕಿ ಏನದಾವ ಅಂತ ಕೇಳಂಗಿಲ್ಲ ಬೇ. ಅವು ಒಂದಕ್ಕೊಂದು ಹೆಂಗ ನಡಕೋತಾವ ಅಂತ ಕೇಳ್ತೀವಿ."

"ಅಂದ್ರ ಮನಿತನದ ಮಾತು."

"ಹೂಂ, ಒಂಥರಾ ಮನಿತನದ ಮಾತನ!"

ಈಗ ಅವಳು ತಂದದ್ದು ಅವಳ ವಿಭಾಗದವರು ಲೆಕ್ಕ ಹಾಕಿ ಮಾಡಿಸಿದ ಒಂದು ಪಟ್ಟಿ. ಒಂದೂವರೆ ಗೇಣು ಉದ್ದ, ಮೂರು ಬೆರಳು ಅಗಲ, ಮೆತ್ತನೆಯ ಹತ್ತಿ. ಅದರೊಳಗೆ ಏಣಿಯ ಮೆಟ್ಟಿಲುಗಳ ಹಾಗೆ ಅಡ್ಡಡ್ಡ ಹದಿನಾರು ಬೆಳ್ಳಿಯ ಎಳೆಗಳು, ಕೂದಲಿಗಿಂತ ತೆಳು. ಕೂಸಿನ ಎದೆಗೆ ಸುತ್ತಿದರೆ ಕೆಳಗಿನ ಅಂಚು ಮೈಯ ಸುದ್ದಿ ಓದುತ್ತದೆ, ಎಳೆಗಳು ಆ ಸುದ್ದಿಯನ್ನು ಮೇಲಿನ ಅಂಚಿನ ಗುಂಡಿಗೆ ಮುಟ್ಟಿಸುತ್ತವೆ, ಗುಂಡಿ ಅದನ್ನು ಗಾಳಿಯಲ್ಲಿ ಪಕ್ಕದ ನಿಗಾ ಕೋಣೆಗೆ ಕಳಿಸುತ್ತದೆ. ಒಂದು ವೈರೂ ಇಲ್ಲ. ಕೂಸು ತಾಯಿಯ ಎದೆಯ ಮೇಲೆ ಎಷ್ಟು ಹೊತ್ತು ಬೇಕಾದರೂ ಮಲಗಬಹುದು.

"ಎಳಿ ಹರದ್ರ?" ಎಂದೆ. ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಅದಕ್ಕಾಗಿಯೇ ಕಾದವಳ ಹಾಗೆ ಮಂದಾ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಬಟ್ಟೆ ಒಣಹಾಕುವ ಹಗ್ಗದ ಮುಂದೆ ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲೇ ನಿಂತೆ.

"ಹಗ್ಗ ಬಿಗಿ ಐತಿ, ನೆಟ್ಟಗೈತಿ. ನಾಕು ಕ್ಲಿಪ್ ಹಾಕೀನಿ. ಈಗ ಹಗ್ಗ ಕಾಣವಲ್ದು, ಕ್ಲಿಪ್ ಅಷ್ಟ ಕಾಣತಾವ ಅನ್ಕೊ. ಎರಡ ಉದುರಿ ಬಿದ್ವು. ಉಳದ ಎರಡ ನೋಡಿ ಹಗ್ಗ ಎಲ್ಲಿ ಹಾದೈತಿ ಹೇಳಬಹುದಿಲ್ಲ?"

"ಹೇಳಬಹುದು."

"ಮೂರು ಬಿದ್ರ?"

"ಒಂದ ಕ್ಲಿಪ್ಪಿನ ಮ್ಯಾಲ ಹಗ್ಗ ಹೆಂಗ ಬೇಕಾದ್ರೂ ತಿರಗತೈತಿ."

"ಮುಗೀತ. ಅರ್ಧಾ ಪೇಪರ್ ಪಾಸಾದಿ ನೀ!"

ಪಟ್ಟಿಯಲ್ಲೂ ಅದೇ ಉಪಾಯ. ಹದಿನಾರು ಎಳೆಗಳನ್ನು ನಾಲ್ಕು ಮನೆತನ ಮಾಡಿದ್ದರು, ಮನೆತನಕ್ಕೆ ನಾಲ್ಕು ಎಳೆ. ಒಂದು ಮನೆತನ ಉಸಿರಿನ ಸುದ್ದಿ ಹೇಳಬೇಕು, ಒಂದು ಎದೆಬಡಿತದ್ದು, ಒಂದು ಮೈಬಿಸಿಯದು, ಒಂದು ರಕ್ತದ ಬಣ್ಣದ್ದು. ನಾಲ್ವರಲ್ಲಿ ಯಾವ ಇಬ್ಬರು ಉಳಿದರೂ ಸುದ್ದಿ ಪೂರ್ತಿ ಮುಟ್ಟುತ್ತದೆ. ಮೂವರು ಹೋದರೆ, ಇಲ್ಲವೆ ಕೂಸಿನ ಉಸಿರು ನಿಂತರೆ, ಗಂಟೆ ಬಾರಿಸುತ್ತದೆ. ಕೂಸನ್ನು ತಕ್ಷಣ ಪೆಟ್ಟಿಗೆಗೆ ಹಾಕಿ ವೈರು ಸಿಗಿಸಬೇಕು.

ಆಸ್ಪತ್ರೆಯವರು ಒಂದು ಷರತ್ತು ಹಾಕಿದ್ದರು. ಕೂಸು ಚೆನ್ನಾಗಿದ್ದಾಗ ಪಟ್ಟಿ ಮೂರು ಸಲ ಸುಳ್ಳು ಗಂಟೆ ಬಾರಿಸಿದರೆ ಪ್ರಯೋಗ ಬಂದ್. ರೇವತಿಗೆ ಇನ್ನು ಆರು ವಾರ ಅದೇ ಕಿಂಡಿ, ಅದೇ ಒಂದು ಬೆರಳು.

ಪಟ್ಟಿಯ ಜೊತೆ ಒಂದು ಚೀಟಿ ಇತ್ತು. ತಣ್ಣೀರಿನಲ್ಲಿ ಒಮ್ಮೆ ಒಗೆದು ನೆರಳಲ್ಲಿ ಒಣಗಿಸಿ, ಆಮೇಲೆ ಕ್ರಿಮಿ ಕಳೆಯಲು ಆಸ್ಪತ್ರೆಯ ಬಿಸಿಗೂಡಿಗೆ ಕೊಡಿ ಎಂದು ಬರೆದಿತ್ತು. ನಮ್ಮ ಮನೆಗಳಲ್ಲಿ ಹಸಿಗೂಸಿನ ಮೈಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಹಳೆಯ ಧೋತರ, ಹಳೆಯ ಸೀರೆ, ಒಗೆದೊಗೆದು ಬೆಣ್ಣೆಯಂತಾದದ್ದು. ನಾನು ಪಟ್ಟಿಯನ್ನು ಏಳು ಸಲ ಒಗೆದೆ. ಏಳೂ ಸಲ ಚೆನ್ನಾಗಿ ಹಿಂಡಿದೆ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಅಂತ ಅನ್ನಿಸಲೂ ಇಲ್ಲ.

ಮರುದಿನ ರೇವತಿಯನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಎಸ್ತರ್ ಸಿಸ್ಟರ್ ಕೂಸನ್ನು ಅವಳ ಎದೆಗೆ ಕೊಟ್ಟರು. ರೇವತಿ ಅಳಲಿಲ್ಲ, ನಗಲಿಲ್ಲ. ಬಾಯಿ ತೆರೆದು ಕೂತಳು, ಅಷ್ಟೇ. ಕೂಸಿನ ಕಿವಿ ಅವಳ ಎದೆಗೆ ಒತ್ತಿಕೊಂಡಿತ್ತು.

ಹನ್ನೊಂದನೇ ನಿಮಿಷಕ್ಕೆ ಗಂಟೆ ಹೊಡೆಯಿತು.

ಸಿಸ್ಟರ್ ಓಡಿ ಬಂದರು, ಕೂಸನ್ನು ಎತ್ತಿದರು, ಪೆಟ್ಟಿಗೆಗೆ ಹಾಕಿದರು, ವೈರು ಸಿಗಿಸಿದರು. ಕೂಸಿಗೆ ಏನೂ ಆಗಿರಲಿಲ್ಲ, ಸಿಟ್ಟಿನಿಂದ ಕೆಂಪಗಾಗಿತ್ತು, ಅಷ್ಟೇ. ರೇವತಿಯ ಎರಡು ಕೈಗಳೂ ಕೂಸನ್ನು ಹಿಡಿದ ಆಕಾರದಲ್ಲೇ ಎಷ್ಟೋ ಹೊತ್ತು ಹಾಗೇ ಇದ್ದವು.

"ಐದು, ಆರು, ಏಳು, ಎಂಟು," ಎಂದಳು ಮಂದಾ, ಅಡುಗೆಮನೆಯ ಕಟ್ಟೆಯ ಮೇಲೆ ಪಟ್ಟಿ ಹರಡಿ ಭೂತಗನ್ನಡಿ ಹಿಡಿದು. ನಾನು ರೊಟ್ಟಿ ಬಡಿಯುತ್ತಿದ್ದೆ. "ಬಾಜೂ ಬಾಜೂದ್ದ ನಾಕು ಹೋಗ್ಯಾವ. ಕೂಸು ಒದ್ದಿರಬೇಕು. ನಾವು ಬಾಜೂದ ನಾಕಕ್ಕೇ ಒಂದ ಮನಿತನ ಮಾಡಿದ್ವಿ, ಮನಿನ ಹೋತು!"

"ಮತ್ತ?"

"ಬಿಡಿಸಿ ಕೂಡಸೂದು. ಒಂದು, ಐದು, ಒಂಬತ್ತು, ಹದಿಮೂರು ಒಂದು ಮನಿತನ. ಎರಡು, ಆರು, ಹತ್ತು, ಹದಿನಾಕು ಒಂದು. ಬಾಜೂದ್ದ ನಾಕು ಹರದ್ರೂ ಒಂದೊಂದು ಮನಿಯಾಗಿನ್ದು ಒಂದೊಂದ ಹೋಗತೈತಿ." ಪಟ್ಟಿಯನ್ನು ಬದಲಿಸಬೇಕಾಗಿಲ್ಲ, ಯಾವ ಎಳೆ ಯಾರ ಪೈಕಿ ಎಂಬುದನ್ನು ಗುಂಡಿಗೆ ಹೇಳಿದರೆ ಸಾಕು. ಅವಳು ರೊಟ್ಟಿಯನ್ನು ನಿಂತೇ ತಿಂದು ಓಡಿದಳು.

ಎರಡನೆಯ ಪಟ್ಟಿ ಬಂತು. ಈ ಸಲ ನಾನು ಬಹಳ ಜೋಪಾನ ಮಾಡಿದೆ. ಎಳೆ ಹರಿದದ್ದು ಎಲ್ಲೋ ಮನಸ್ಸಿಗೆ ಚುಚ್ಚುತ್ತಿತ್ತು. ಹಿಂಡಲಿಲ್ಲ. ತೋರುಬೆರಳಿಗೆ ಮೆಲ್ಲಗೆ ಸುರುಳಿ ಸುತ್ತಿ, ಹೆಬ್ಬೆರಳಿನಿಂದ ಒತ್ತಿ ನೀರು ತೆಗೆದೆ. ಏಳು ಸಲ.

ಆ ದಿನ ರೇವತಿ ಐವತ್ತು ನಿಮಿಷ ಕೂಸಿನ ಜೊತೆ ಮಾತಾಡಿದಳು. ಏನೇನೋ ಹೇಳಿದಳು: ಮನೆಗೆ ಬಣ್ಣ ಹಚ್ಚಿಸಿದ್ದು, ಕೂಸಿನ ಅಪ್ಪ ಗಾಳಿಗಿರಣಿ ಹತ್ತಿ ಫೋಟೊ ತೆಗೆದದ್ದು, ಚಿಕ್ಕವ್ವ ಮಂದಾ ಕೂಸಿನ ಉಸಿರು ಎಣಿಸಲು ಯಂತ್ರ ಮಾಡಿದ್ದು. ಐವತ್ತೊಂದನೇ ನಿಮಿಷಕ್ಕೆ ಗಂಟೆ.

ಈ ಸಲ ರೇವತಿ ಕೂಗಿದಳು. "ಸುಳ್ಳದು! ಉಸರಾಡಾಕತ್ತೈತಿ, ನನ್ನ ಎದಿಗಿ ಹತ್ತಾಕತ್ತೈತಿ, ಸುಳ್ಳದು!" ಸಿಸ್ಟರ್ ಕಣ್ಣೊರೆಸಿಕೊಂಡೇ ಕೂಸನ್ನು ಎತ್ತಿದರು. ನಿಯಮ ನಿಯಮವೇ.

ಹರಿದಿದ್ದು ಎರಡು, ಆರು, ಹತ್ತು, ಹದಿನಾಲ್ಕು.

"ಯಾವ ಕೂಸು ನಾಕಕ್ಕೊಮ್ಮೆ ಎಣಿಸಿ ಒದಿಯತೈತಿ?" ಮಂದಾ ತಲೆ ಹಿಡಿದುಕೊಂಡು ಕೂತಳು. "ಇನ್ನೊಂದ ಉಳದೈತಿ ಯವ್ವ. ಅದೂ ಹೋದ್ರ ಅಕ್ಕಗ ಏನಂತ ಹೇಳ್ಲಿ?"

ನಾನು ನನ್ನ ತೋರುಬೆರಳನ್ನು ನೋಡಿದೆ. ಪಟ್ಟಿಯನ್ನು ಎತ್ತಿಕೊಂಡು ಬೆರಳಿಗೆ ಒಂದು ಸುತ್ತು ಸುತ್ತಿದೆ. ಒಂದು, ಎರಡು, ಮೂರು, ನಾಲ್ಕು. ಸುತ್ತಿಗೆ ಸರಿಯಾಗಿ ನಾಲ್ಕು ಎಳೆ. ಎರಡರ ಮೇಲೆ ಆರು ಬಂದು ಕೂತಿತು, ಆರರ ಮೇಲೆ ಹತ್ತು, ಹತ್ತರ ಮೇಲೆ ಹದಿನಾಲ್ಕು. ಅವೆಲ್ಲದರ ಮೇಲೆ ನನ್ನ ಹೆಬ್ಬೆರಳು. ನನ್ನ ಒತ್ತಿಗೆ ಸವೆದ ಎಳೆಗಳು ಕೂಸು ಹೊರಳಿದಾಗ ತುಂಡಾಗಿದ್ದವು.

"ಮಂದಾ," ಎಂದೆ. ಸುತ್ತಿದ ಬೆರಳನ್ನು ಮುಂದೆ ಚಾಚಿದೆ. "ನಾನ ಹರದೀನವ್ವ."

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಎಲ್ಲ ಕೇಳಿ, ನನ್ನ ಬೆರಳನ್ನು ಹಿಡಿದುಕೊಂಡು, ಪಟ್ಟಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಗಕ್ಕನೆ ಎದ್ದು ನಿಂತಳು. "ಯವ್ವ, ಸೀರಿ ಬದಲಿಸು. ಯುನಿವರ್ಸಿಟಿಗಿ ನಡಿ."

"ನಾ ಎದಕ್ಕ?"

"ನೀನ ನಮ್ಮ ಪ್ರಯೋಗ!"

ಬೀಜಗಣಿತ ವಿಭಾಗದಲ್ಲಿ ಅಂದು ಮೊದಲ ಬಾರಿಗೆ ಒಂದು ಬಕೆಟ್ಟು, ಒಂದು ಮೊರದ ತುಂಬ ಪಟ್ಟಿ, ಒಂದು ಸಾಬೂನು ಬಂದವು. ವಿಭಾಗದ ಮುಖ್ಯಸ್ಥೆ ತಹಸೀನ್ ಮುಲ್ಲಾ ಮೇಡಂ ನನಗೆ ಕುರ್ಚಿ ಹಾಕಿಸಿದರು. ಸುತ್ತ ಹದಿನೆಂಟು ಹುಡುಗ ಹುಡುಗಿಯರು ವಹಿ ಹಿಡಿದು ನಿಂತರು. ನಾಚಿಕೆಯಿಂದ ನನಗೆ ಕೈಯೇ ಏಳಲಿಲ್ಲ.

"ಎಷ್ಟ ಸಲ ಒಗದ್ರಿ ಅಕ್ಕಾರ?"

"ಏಳು ಸಲಾರಿ."

ಹುಡುಗರು ನಕ್ಕರು. ಮೇಡಂ ನಗಲಿಲ್ಲ. "ನಮ್ಮ ಅಮ್ಮೀನೂ ಹಂಗ ಮಾಡ್ತಿದ್ರು. ಹೊಸಾದು ಮೈಗೆ ಹತ್ತಿಸಬಾರದು ಅಂತ. ನಾವು ಒಮ್ಮೆ ಮಷೀನಿಗೆ ಹಾಕಿ ನೋಡಿ ಪಾಸ್ ಮಾಡಿದ್ವಿ. ತಪ್ಪು ನಿಮ್ದಲ್ಲ, ನಮ್ದು."

ಫಕ್ಕೀರೇಶ ಎಂಬ ಎತ್ತರದ ಹುಡುಗ ಕೈಯೆತ್ತಿದ. "ಮೇಡಂ, ಚೀಟಿಯೊಳಗ ದಪ್ಪ ಅಕ್ಷರದಾಗ ಬರದ್ರಾತು. ಹಿಂಡಬ್ಯಾಡ್ರಿ, ಸುತ್ತಬ್ಯಾಡ್ರಿ, ಒಮ್ಮೆ ಅಷ್ಟ ಒಗೀರಿ."

"ನಿಮ್ಮಜ್ಜಿ ಚೀಟಿ ಓದಿ ಬಟ್ಟಿ ಒಗೀತಾರೇನೊ?"

"ಇಲ್ರಿ."

"ಮತ್ತ? ಕೈ ತಮ್ಮ ರೂಢಿ ಬಿಡಂಗಿಲ್ಲ. ಲೆಕ್ಕಾನ ಕೈಗೆ ಹೊಂದಬೇಕು. ಅಕ್ಕಾರ, ನೀವು ಮನ್ಯಾಗ ಹೆಂಗ ಮಾಡ್ತೀರಿ ಹಂಗ ಮಾಡ್ರಿ. ಎಷ್ಟು ಬೇಕಾದ್ರೂ ಹರೀರಿ."

ಹಾಗೆ ಹರಿಯಲು ನನಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಸೆರಗು ಸಿಗಿಸಿ ಕೂತೆ. ಹಿಂಡಿ, ಕೂಸು ಹೊರಳಿದ ಹಾಗೆ ಜಗ್ಗಿದೆ: ಮಗ್ಗುಲ ನಾಲ್ಕು ಹರಿದವು. ತೋರುಬೆರಳಿಗೆ ಸುತ್ತಿದೆ: ನಾಲ್ಕಕ್ಕೊಂದು. ಹೆಬ್ಬೆರಳಿಗೆ ಸುತ್ತಿದೆ: ಐದಕ್ಕೊಂದು. ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಒತ್ತಿದೆ: ಒಂದು, ಎಂಟು, ಒಂಬತ್ತು, ಹದಿನಾರು. ಒಬ್ಬಳು ಹುಡುಗಿ ಹಲಗೆಯ ಮೇಲೆ ಎಲ್ಲ ಬರೆಯುತ್ತ ಹೋದಳು. ಈ ಎಲ್ಲ ರೀತಿಗೂ ತಡೆಯುವ ಹಾಗೆ, ಒಂದು ಮನೆತನದಲ್ಲಿ ಎರಡಕ್ಕಿಂತ ಹೆಚ್ಚು ಹೋಗದ ಹಾಗೆ, ಹದಿನಾರನ್ನು ಹಂಚುವುದು ಹೇಗೆ? ಒಬ್ಬರು ಒಂದು ಹಂಚಿಕೆ ಹೇಳುವರು, ಇನ್ನೊಬ್ಬರು "ಮಡಿಕಿಗೆ ಸಾಯತೈತಿ" ಎನ್ನುವರು. ಇನ್ನೊಂದು ಹೇಳುವರು, "ಹೆಬ್ಬಟ್ಟಿಗೆ ಸಾಯತೈತಿ." ಗದ್ದಲವೋ ಗದ್ದಲ.

ಮಂದಾ ಮಾತ್ರ ಹಲಗೆಯನ್ನೇ ನೋಡುತ್ತ ಬೆರಳು ಮಡಚಿ ಎಣಿಸುತ್ತಿದ್ದಳು. ಅವಳು ಹಾಗೆ ಎಣಿಸತೊಡಗಿದರೆ ಏನೋ ಬರುತ್ತದೆ ಎಂದು ನನಗೆ ಗೊತ್ತು.

"ಎಳಿ ಹದಿನಾರು," ಎಂದಳು, ತನ್ನಷ್ಟಕ್ಕೇ. "ಅಂದ್ರ ಹದಿನೇಳರ ಲೆಕ್ಕ." ಮರುಕ್ಷಣ ಹಲಗೆಯ ಹತ್ತಿರ ಓಡಿದಳು. "ಮೇಡಂ, ಕೂಡಿಸಿ ಹಂಚಬಾರದ್ರಿ! ಕೈ ಕೂಡಿಸಿಕೋತ ಹೊಂಟೈತಿ. ನಾಕು, ಮತ್ತ ನಾಕು, ಮತ್ತ ನಾಕು. ನಾವೂ ಕೂಡಿಸಿ ಹಂಚಿದ್ವಿ, ಅದಕ್ಕ ಕೈಗೆ ಸಿಕ್ವಿ. ಗುಣಿಸಿ ಹಂಚೋಣು!"

ಮುಲ್ಲಾ ಮೇಡಂ ಕೈಯಲ್ಲಿದ್ದ ಪೆನ್ನನ್ನು ಹಾಗೇ ಅವಳಿಗೆ ಕೊಟ್ಟರು.

ಮಂದಾ ನನ್ನ ಕಡೆ ತಿರುಗಿ ಹೇಳಿದಳು, ಅವರೆಲ್ಲರಿಗೂ ಗೊತ್ತಿದ್ದದ್ದನ್ನು ನನಗಾಗಿ ಬಿಡಿಸಿ. "ಹದಿನೇಳರ ಲೆಕ್ಕ ಅಂದ್ರ ಗಡಿಯಾರ ಇದ್ದಂಗ ಯವ್ವ. ಹದಿನೇಳು ದಾಟಿತೊ, ಹದಿನೇಳನ್ನ ಕಳದುಬಿಡೂದು. ಒಂದರಿಂದ ಚಾಲೂ ಮಾಡು, ನಾಕರಿಂದ ಗುಣಿಸು."

"ನಾಕು."

"ಮತ್ತ ಗುಣಿಸು."

"ಹದಿನಾರು."

"ಮತ್ತ."

"ಅರವತ್ತನಾಕು... ಹದಿನೇಳು, ಮೂವತ್ತನಾಕು, ಐವತ್ತೊಂದು ಕಳದ್ರ ಹದಿಮೂರು."

"ಮತ್ತ!"

"ಐವತ್ತೆರಡು. ಐವತ್ತೊಂದು ಕಳದ್ರ... ಒಂದು! ತಿರಗಿ ಒಂದಕ್ಕ ಬಂತಲ್ಲವಾ!"

ಹುಡುಗರು ಚಪ್ಪಾಳೆ ತಟ್ಟಿದರು, ಯಾರಿಗೆಂದು ನನಗೆ ತಿಳಿಯಲಿಲ್ಲ. ಒಂದು, ನಾಲ್ಕು, ಹದಿನಾರು, ಹದಿಮೂರು. ನಾಲ್ಕು ಹೆಜ್ಜೆಗೆ ಮನೆ ಮುಟ್ಟಿದ ಮನೆತನ. ಉಳಿದದ್ದರಲ್ಲಿ ಸಣ್ಣದು ಎರಡು: ಎರಡು, ಎಂಟು, ಹದಿನೈದು, ಒಂಬತ್ತು, ತಿರುಗಿ ಎರಡು. ಮೂರು: ಮೂರು, ಹನ್ನೆರಡು, ಹದಿನಾಲ್ಕು, ಐದು. ಉಳಿದವು ಆರು, ಏಳು, ಹನ್ನೊಂದು, ಹತ್ತು. ಯಾರೂ ಎರಡು ಮನೆಗೆ ಸೇರಲಿಲ್ಲ, ಯಾರೂ ಹೊರಗುಳಿಯಲಿಲ್ಲ. ಇಂಥ ಹಂಚಿಕೆಗೆ ಅವರ ಭಾಷೆಯಲ್ಲಿ ಕೋಸೆಟ್ ಎನ್ನುತ್ತಾರಂತೆ. ಎರಡು ವರ್ಷದಿಂದ ಅವಳು ರಾತ್ರಿ ಹಗಲು ಬರೆಯುತ್ತಿದ್ದ ಆ ಶಬ್ದ ಇಷ್ಟು ಚೊಕ್ಕಟವಾದ ಮನೆವಾರ್ತೆ ಎಂದು ನನಗೆ ಗೊತ್ತಿರಲಿಲ್ಲ.

"ಈಗ ಹರೀರಿ ಅಕ್ಕಾರ!"

ಹಿಂಡಿದೆ. ಐದು, ಆರು, ಏಳು, ಎಂಟು ಹೋದವು. ಮಂದಾ ಬೆರಳಿಟ್ಟು ನೋಡಿದಳು: ಮೂರರ ಮನೆಯಿಂದ ಒಂದು, ಆರರ ಮನೆಯಿಂದ ಎರಡು, ಎರಡರ ಮನೆಯಿಂದ ಒಂದು. "ಬದಕೇತಿ!" ಎಂದು ಹದಿನೆಂಟು ಮಂದಿ ಕೂಗಿದರು. ತೋರುಬೆರಳಿಗೆ ಸುತ್ತಿದೆ. "ಬದಕೇತಿ!" ಹೆಬ್ಬೆರಳಿಗೆ. "ಬದಕೇತಿ!" ನಾಲ್ಕು ಮಡಿಕೆ. "ಬದಕೇತಿ!" ಪಕ್ಕದ ವಿಭಾಗದವರು ಬಾಗಿಲಲ್ಲಿ ಬಂದು ನಿಂತರು. ನನ್ನ ಕೈ ನೆನೆದು ಮುದುಡಿಹೋಗಿತ್ತು, ಆದರೂ ಇನ್ನೊಂದು ಪಟ್ಟಿ ಕೊಡಿ, ಇನ್ನೊಂದು ಕೊಡಿ ಎಂದು ನಾನೇ ಕೇಳುತ್ತಿದ್ದೆ.

ಫಕ್ಕೀರೇಶ ಒಂದು ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದವನು ತಲೆ ಎತ್ತಿದ. ಅವನ ಮುಖ ಬಾಡಿತ್ತು. "ಮೂರಕ್ಕೊಂದು ಹರದ್ರ ಸಾಯತೈತ್ರಿ. ಒಂದು, ನಾಕು, ಏಳು, ಹತ್ತು, ಹದಿಮೂರು, ಹದಿನಾರು. ಮೊದಲನೇ ಮನಿ ನಾಕೂ ಹೋತು. ಕಿರುಬೆರಳಿಗೆ ಸುತ್ತಿದ್ರ ಸುತ್ತಿಗೆ ಮೂರ ಬರತಾವ."

ಮಂದಾ ನನ್ನತ್ತ ನೋಡಿದಳು. ಮುಲ್ಲಾ ಮೇಡಂ ಕೂಡ ನನ್ನತ್ತಲೇ.

"ಕಿರುಬೆರಳಿಗೆ ಯಾರು ಸುತ್ತತಾರಪ್ಪಾ?" ಎಂದೆ. "ಸುತ್ತಿ ಒತ್ತಿ ನೋಡು. ಬಲಾನ ಬರಂಗಿಲ್ಲ, ನೀರ ಇಳಿಯಂಗಿಲ್ಲ."

ಅವನು ಸುತ್ತಿ ಒತ್ತಿ ನೋಡಿದ. ನೀರು ಇಳಿಯಲಿಲ್ಲ. ಎಳೆಯೂ ಹರಿಯಲಿಲ್ಲ. "ಹೌದ್ರಿ," ಎಂದು ವಹಿಯಲ್ಲಿ ಬರೆದುಕೊಂಡ. ಎಲ್ಲ ಹರಕಿಗೂ ತಡೆಯುವ ಲೆಕ್ಕ ಯಾವುದೂ ಇಲ್ಲ ಎಂದು ಮೇಡಂ ನನಗೆ ಹೇಳಿದರು. ಯಾವ ಹರಕು ಬರುತ್ತದೆ, ಯಾವುದು ಬರುವುದಿಲ್ಲ ಎಂದು ತಿಳಿದವರು ಹೇಳಬೇಕು.

ಮೂರನೆಯ ಪಟ್ಟಿಯನ್ನು ನಾನು ಮುಟ್ಟುವುದಿಲ್ಲ ಎಂದೆ. ಮಂದಾ ಕೇಳಲಿಲ್ಲ. "ನೀನ ಒಗಿ. ಏಳ ಸಲ. ಹೆಂಗ ಮನಸ್ಸು ಬರತೈತಿ ಹಂಗ."

ಮಧ್ಯಾಹ್ನ ಎರಡು ಗಂಟೆಗೆ ರೇವತಿಯ ಎದೆಗೆ ಕೂಸು ಬಂತು. ನಾನು, ಮಂದಾ, ಮುಲ್ಲಾ ಮೇಡಂ, ಎಸ್ತರ್ ಸಿಸ್ಟರ್ ನಿಗಾ ಕೋಣೆಯ ಗಾಜಿನ ಹಿಂದೆ ಕೂತೆವು. ಪರದೆಯ ಮೇಲೆ ಹದಿನಾರು ಗೆರೆ, ಕೆಳಗೆ ಉಸಿರಿನ ಅಲೆ. ಇಪ್ಪತ್ತು ನಿಮಿಷಕ್ಕೆ ಏಳನೇ ಗೆರೆ ಕಪ್ಪಾಯಿತು. ಆಮೇಲೆ ಎಂಟು. ಒಂಬತ್ತು. ಹತ್ತು. ನನ್ನ ಕೈಯ ಗುರುತು ಒಂದೊಂದಾಗಿ ಮೂಡುತ್ತಿತ್ತು. ಉಸಿರಿನ ಅಲೆ ಮಾತ್ರ ಒಮ್ಮೆಯೂ ತುಂಡಾಗದೆ ಏರಿಳಿಯುತ್ತಿತ್ತು. ಒಂದು ತಾಸು. ಒಂದೂವರೆ ತಾಸು. ಗಾಜಿನಾಚೆ ರೇವತಿ ತೂಕಡಿಸುತ್ತಿದ್ದಳು, ಕೂಸೂ. ಮಂದಾ ನನ್ನ ಮೊಣಕೈಯನ್ನು ಚಿವುಟಿ ಹಿಡಿದಿದ್ದಳು.

ಮೂರು ಮುಕ್ಕಾಲಿಗೆ ಗಂಟೆ ಹೊಡೆಯಿತು.

ಎಸ್ತರ್ ಸಿಸ್ಟರ್ ಪರದೆ ನೋಡಿ ಮಂದಾಳನ್ನು ನೋಡಿದರು. "ಮೂರನೇದು," ಎಂದರು ಬೇಸರದಿಂದ, "ಮತ್ತ ಪಟ್ಟೀನ..."

"ಅಲ್ರಿ!" ಮಂದಾ ಎದ್ದು ಬಿಟ್ಟಿದ್ದಳು. ಅವಳ ಬೆರಳು ಪರದೆಯ ಮೇಲೆ ಓಡಿತು. "ನಾಕೂ ಮನಿ ಜೀವಂತ ಅದಾವ. ಎರಡರ ಮನಿಯಾಗ ಇಬ್ರು, ಆರರ ಮನಿಯಾಗ ಇಬ್ರು ಉಳದಾರ. ಪಟ್ಟಿ ಖರೇ ಹೇಳಾಕತ್ತೈತ್ರಿ! ಕೂಸು ಉಸರಾಡವಲ್ದು!"

ಉಸಿರಿನ ಅಲೆ ನೆಟ್ಟಗೆ ಗೆರೆಯಾಗಿತ್ತು. ಹದಿನಾರು ಸೆಕೆಂಡು. ಹದಿನೇಳು.

ಸಿಸ್ಟರ್ ಬಾಗಿಲು ತಳ್ಳಿ ಒಳಗೆ ಹೋಗುತ್ತಲೇ ಕೂಗಿದರು. "ರೇವತಿ, ಬೆನ್ನ ತಿಕ್ಕು! ಎತ್ತಬ್ಯಾಡ, ಅಲ್ಲೇ ತಿಕ್ಕು, ಜೋರ ತಿಕ್ಕು!"

ರೇವತಿ ಬೆಚ್ಚಿ ಕಣ್ಣು ಬಿಟ್ಟಳು. ಎರಡು ಬೆರಳಿನಿಂದ ಆ ಪುಟ್ಟ ಬೆನ್ನನ್ನು ಮೇಲಕ್ಕೆ ಕೆಳಕ್ಕೆ ತಿಕ್ಕಿದಳು. "ಏ ಚಿನ್ನಾ. ಏ ಕೂಸಾ. ಏಳವಾ, ಉಸರ ತಗೋ ನನ್ನವ್ವಾ." ಇಪ್ಪತ್ತು. ಇಪ್ಪತ್ತೊಂದು. ಕೂಸಿನ ಭುಜ ಒಮ್ಮೆ ನಡುಗಿತು. ಪರದೆಯ ಗೆರೆ ಚಿಮ್ಮಿತು, ಇಳಿಯಿತು, ಮತ್ತೆ ಚಿಮ್ಮಿತು. ಕೂಸು ಅತ್ತಿತು. ಮುಲ್ಲಾ ಮೇಡಂ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದರು, ಮಂದಾ ಕುಣಿಯುತ್ತಿದ್ದಳು, ನನಗೆ ಯಾರನ್ನು ಹಿಡಿದುಕೊಳ್ಳಬೇಕೋ ತಿಳಿಯದೆ ಇಬ್ಬರನ್ನೂ ಹಿಡಿದುಕೊಂಡೆ.

ಸಿಸ್ಟರ್ ಕೂಸನ್ನು ಎತ್ತಲು ಕೈ ಚಾಚಿದರು. ಗಂಟೆ ಹೊಡೆದರೆ ಪೆಟ್ಟಿಗೆ, ಅದು ನಿಯಮ.

"ಕೊಡಂಗಿಲ್ಲ," ಎಂದಳು ರೇವತಿ. ಜಗಳದ ಧ್ವನಿಯಲ್ಲ, ಬಹಳ ಮೆಲ್ಲಗೆ. "ಪೆಟ್ಟಿಗ್ಯಾಗ ಇದ್ದಿದ್ರ ನೀವು ಓಡಿ ಬಂದು ತಿಕ್ಕಬೇಕಿತ್ರಿ. ಇಲ್ಲಿ ನಾನ ಅದೀನಿ."

ಸಿಸ್ಟರ್ ಗಾಜಿನಾಚೆಯಿಂದ ನಮ್ಮನ್ನು ನೋಡಿದರು. ಮಂದಾ ಪರದೆಯನ್ನು ಅವರ ಕಡೆ ತಿರುಗಿಸಿದಳು. ನಾಲ್ಕು ಕಪ್ಪು ಗೆರೆ, ಹನ್ನೆರಡು ಬೆಳಕು, ಕೆಳಗೆ ಚಿಕ್ಕ ಚಿಕ್ಕ ಅಲೆ, ಒಂದರ ಹಿಂದೆ ಒಂದು. ಸಿಸ್ಟರ್ ಅದನ್ನು ಪೂರ್ತಿ ಒಂದು ನಿಮಿಷ ಎಣಿಸಿದರು. ಆಮೇಲೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ರೇವತಿಯ ಹೆಗಲಿನ ಮೇಲೆ ಶಾಲು ಹೊದಿಸಿದರು. ಮೂಲೆಗೆ ಹೋಗಿ, ಖಾಲಿ ಗಾಜಿನ ಪೆಟ್ಟಿಗೆಯ ದೀಪ ಆರಿಸಿದರು.